ಕೆಳಗೆ 8, ಮೇಲೆ 16: ಹೊಲದ ಕೆಂಡದಲ್ಲಿ ನಾನ್‌ಖಟಾಯಿ, ಬೆಲ್ಲದ ಕೇಕ್

ಕಲಬುರಗಿ ಕಡೆಯವರಿಗೆ ಬಯಲಲ್ಲಿ ಬೆಂಕಿ ಹಾಕಿ ಸುಟ್ಟು ತಿನ್ನುವುದು ಹೊಸದಲ್ಲ. ಚಳಿಗಾಲ ಬಂತೆಂದರೆ ಕುಳ್ಳಿನ (ಬೆರಣಿಯ) ಬೆಂಕಿಯಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಮುಕ್ಕುತ್ತೇವೆ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಹೊಲದ ತುಂಬ ಎಡೆ ಎರಚಿ), ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಉಂಡು ಬರುತ್ತೇವೆ. ಆದರೆ ಬಿಸ್ಕತ್ತು, ಕೇಕ್ ಅಂದರೆ ಅದು ಬೇಕರಿ ಭಟ್ಟಿಯವರ ಕೆಲಸ ಅಂತ ಸುಮ್ನೆ ಬಿಟ್ಟುಬಿಟ್ಟಿದ್ದೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಎಳ್ಳ ಅಮಾವಾಸ್ಯೆಗೆ ಹುರುಪಿನಿಂದ ಕೇಕ್ ಹಿಟ್ಟು ಕಲಸಿ ಹೊಲಕ್ಕೆ ಒಯ್ದೆ. ಮೂರು ಕಲ್ಲಿಟ್ಟು, ಕೆಳಗೆ ಕೆಂಡ ತುಂಬಿ, ಬೋಗುಣಿ ಏರಿಸಿದೆ. ಮುಕ್ಕಾಲು ತಾಸಿನ ನಂತರ ಮುಚ್ಚಳ ತೆಗೆದರೆ ತಳ ಇದ್ದಲಿಯಂತೆ ಕಪ್ಪು, ಮೇಲೆ ಹಸಿ ಹಿಟ್ಟು ಹಾಗೇ ಕುಲುಕುತ್ತಿತ್ತು. ಮದುವೆಗಳಿಗೆ ಬಿರ್ಯಾನಿ ಮಾಡಿಕೊಡುವ ಪಕ್ಕದ ಹೊಲದ ಚಾಚಾ ಬಂದು ನೋಡಿ ನಕ್ಕರು. "ಅಲ್ರೀ, ಕೆಳಗ ಇಷ್ಟ್ ಬೆಂಕಿ ಇಟ್ಟು ಮ್ಯಾಲ ಏನೂ ಹಾಕಿಲ್ಲ. ದಮ್ ಹೆಂಗ ಬರ್ತದ?"

ಆ ಒಂದು ಮಾತು ಸಾಕಾಯಿತು. ನಮ್ಮ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಂಡೆಯ ಮುಚ್ಚಳದ ಮೇಲೆ ಕೆಂಡ ಹರಡಿ ದಮ್ ಕಟ್ಟುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಕೆಂಡದಲ್ಲಿ ಕೇಕ್ ಮಾಡುವುದೂ ಅದೇ ಕೆಲಸ. ಕಾವು ಕೆಳಗೆ ಕಡಿಮೆ, ಮೇಲೆ ಜಾಸ್ತಿ ಇರಬೇಕು, ಅಷ್ಟೇ. ಕೆಳಗಿನ ಕೆಂಡದ ಬಿಸಿ ಮೇಲೇರಿ ನೇರವಾಗಿ ತಳಕ್ಕೆ ಬಡಿಯುತ್ತದೆ. ಮುಚ್ಚಳದ ಮೇಲಿನ ಕೆಂಡದ ಬಿಸಿಯಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ, ಸ್ವಲ್ಪ ಮಾತ್ರ ಒಳಗಿಳಿಯುತ್ತದೆ. ಅದಕ್ಕೇ ಮೇಲೆ ದುಪ್ಪಟ್ಟು ಬೇಕು.

ಇದ್ದಲಿಯೋ, ಕುಳ್ಳೋ, ತೊಗರಿ ಕಟ್ಟಿಗೆಯೋ

ಇದ್ದಲಿಯೇ ಒಳ್ಳೆಯದು. ನಮ್ಮ ಕಡೆ ಸಿಗುವುದರಲ್ಲಿ ಬಳ್ಳಾರಿ ಜಾಲಿಯ ಇದ್ದಲಿ ಗಟ್ಟಿ. ಹಗುರಾದ ಕಟ್ಟಿಗೆಯ ಇದ್ದಲಿಗಿಂತ ಜಾಸ್ತಿ ಹೊತ್ತು ಉರಿಯುತ್ತದೆ. ಕೊಳ್ಳುವಾಗ ಒಂದು ತುಂಡನ್ನು ಇನ್ನೊಂದಕ್ಕೆ ಬಡಿದು ನೋಡಿ. ಠಣ್ ಅಂದರೆ ಸರಿಯಾಗಿ ಸುಟ್ಟಿದೆ. ದಪ್ಪ ಸದ್ದು ಬಂದರೆ ಒಳಗೆ ಅರೆಬರೆ ಕಟ್ಟಿಗೆ ಇರುತ್ತದೆ. ಅಂಥದ್ದು ಹೊಗೆಯಾಡುತ್ತದೆ, ಆ ಹೊಗೆ ತುಪ್ಪಕ್ಕೆ ಬೇಗ ಹತ್ತುತ್ತದೆ. ಎರಡು ಬಗೆ ಸಿಹಿ ಮಾಡಲು 2 ಕೆಜಿ ಇದ್ದಲಿ ಇಟ್ಟುಕೊಳ್ಳಿ. ಸ್ವಲ್ಪ ಉಳಿಯಬಹುದು, ಉಳಿಯಲಿ.

ಕುಳ್ಳಿನ ಕಾವು ನಿಧಾನ, ಮೆತ್ತಗೆ. ಸೀತನಿಗೆ, ಗೆಣಸಿಗೆ ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಕೇಕ್‌ನ ಮೇಲ್ಭಾಗ ಕೆಂಪಾಗುವಷ್ಟು ಬಿಸಿ ಅದರಿಂದ ಬರುವುದು ಕಷ್ಟ. ಇನ್ನು ತೊಗರಿ ಕಟ್ಟಿಗೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು, ಪಾಪ ಕಟ್ಟಿಗೆಯನ್ನು ಯಾರೂ ಕೇಳಲಿಲ್ಲ. ಅದು ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ, ಕೆಂಡ ನಿಲ್ಲುವುದಿಲ್ಲ. ಇದ್ದಲಿ ಹೊತ್ತಿಸಲು ಮಾತ್ರ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಬೇಡವೇ ಬೇಡ. ಜೀವಕ್ಕೆ ಅಪಾಯ ಅನ್ನುವುದು ಒಂದು ಕಡೆ. ನಾನ್‌ಖಟಾಯಿ ಕಚ್ಚಿದರೆ ಪಂಪಿನ ವಾಸನೆ ಬರುವುದು ಇನ್ನೊಂದು ಕಡೆ.

ಜಾಗ ನೋಡಿ ಕೂರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಿಹಿ ಕೆಟ್ಟರೆ ಕೆಟ್ಟಿತು, ಬಣವೆಗೆ ಬೆಂಕಿ ಬಿದ್ದರೆ ಒಂದು ವರ್ಷದ ಮೇವು ಹೋಯಿತು.

ಜೋಳದ ಬೆಳೆ ಒಣಗಿ ನಿಂತಿರುವ ಕಡೆ, ಬಣವೆ ಇರುವ ಕಡೆ, ಕೊಯ್ದ ತೊಗರಿ ಒಟ್ಟಿರುವ ಕಡೆ ಬೇಡ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಕಿಡಿ ಹಾರಿದರೆ ಅದು ಬರೀ ನೆಲದ ಕಡೆ ಹೋಗುವಂತಿರಬೇಕು. ಎರಿ (ಕಪ್ಪು ಮಣ್ಣಿನ) ಹೊಲವಾದರೆ ನೆಲದ ಬಿರುಕು ನೋಡಿಕೊಳ್ಳಿ. ಬಿರುಕಿನೊಳಗೆ ಕೆಂಡ ಜಾರಿದರೆ ಕಣ್ಣಿಗೆ ಕಾಣುವುದಿಲ್ಲ, ಒಳಗೆ ಒಣಗಿದ ಬೇರು ಇದ್ದರೆ ಹೊಗೆಯಾಡುತ್ತಲೇ ಇರುತ್ತದೆ. ಮೇಲೆ ನಾಲ್ಕು ಬುಟ್ಟಿ ಮಣ್ಣು ಹಾಕಿ ತುಳಿದು, ಗಟ್ಟಿ ಕಟ್ಟೆ ಮಾಡಿಕೊಂಡರೆ ಆಯಿತು.

ಮನೆಯ ಅಂಗಳ ಅಥವಾ ಮಾಳಿಗೆಯ ಮೇಲೆ ಮಾಡುವವರಿಗೆ ಬೇರೆ ಮಾತು. ನಮ್ಮ ಕಡೆ ಅರ್ಧ ಊರಿಗೆ ಶಹಾಬಾದ್ ಫರ್ಶಿ ಹಾಸಿದ್ದಾರೆ. ಅದು ಸುಣ್ಣದ ಕಲ್ಲು. ಅದರ ಮೇಲೆ ನೇರವಾಗಿ ಕೆಂಡ ಹಾಕಿದರೆ ಬಿರಿಯುತ್ತದೆ, ಚಕ್ಕೆ ಎದ್ದು ಸಿಡಿಯುತ್ತದೆ. ಎರಡು ಸಾಲು ಇಟ್ಟಿಗೆ ಹಾಸಿ, ಮೇಲೆ ಮರಳು ಹಾಕಿ, ಆಮೇಲೆ ಕೆಂಡ. ಯಾದಗಿರಿ ಕಡೆಯವರು ಬಂಡೆ ಸಿಕ್ಕಿತು ಅಂತ ಅದರ ಮೇಲೇ ಹಚ್ಚಬೇಡಿ, ಅದೂ ಚಕ್ಕೆ ಏಳುತ್ತದೆ. ಭೀಮೆಯ ದಂಡೆಯಿಂದ ತಂದ ಹಸಿ ಕಲ್ಲನ್ನು ಒಲೆಗುಂಡು ಮಾಡುವುದಂತೂ ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು.

ಒಂದು ಕೊಡ ನೀರು, ಒಂದು ಬುಟ್ಟಿ ಮಣ್ಣು ಪಕ್ಕದಲ್ಲಿರಲಿ. ಚಳಿ ಅಂತ ಕೆಂಡವನ್ನು ಕೋಣೆ, ಗುಡಿಸಲು, ಕಾರಿನೊಳಗೆ ಇಟ್ಟುಕೊಳ್ಳಬೇಡಿ. ಇದ್ದಲಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಪಾತ್ರೆ ಜೋಡಿಸುವುದು

ಇದಕ್ಕೆಂದೇ ಮೂರು ಕಾಲಿನ, ಅಂಚಿರುವ ಮುಚ್ಚಳದ ಬೀಡಿನ (ಎರಕದ ಕಬ್ಬಿಣದ) ಪಾತ್ರೆ ಸಿಗುತ್ತದೆ. ಡಚ್ ಓವನ್ ಅನ್ನುತ್ತಾರೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರಗಬೇಡಿ. 30 ಸೆಂ.ಮೀ. ಅಗಲದ, ಕನಿಷ್ಠ 12 ಸೆಂ.ಮೀ. ಆಳದ, ದಪ್ಪ ತಳದ ಕಬ್ಬಿಣದ ಅಥವಾ ಬೀಡಿನ ಬೋಗುಣಿ ಸಾಕು. ಮುಚ್ಚಳಕ್ಕೆ ಅಂಚಿರುವ ಕಬ್ಬಿಣದ ಪರಾತ. ಅಂಚು ಇದ್ದರೆ ಕೆಂಡ ಉರುಳುವುದಿಲ್ಲ.

ತೆಳು ಅಲ್ಯೂಮಿನಿಯಂ ಬೇಡ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಜೋರು ಗಾಳಿ ಬಿದ್ದ ಇದ್ದಲಿ ಅದಕ್ಕಿಂತ ಜಾಸ್ತಿ ಬಿಸಿಯಾಗಬಲ್ಲದು. ಸತುವಿನ ಲೇಪದ ಬಕೆಟ್, ತಗಡು, ನಾನ್‌ಸ್ಟಿಕ್ ಪಾತ್ರೆ ಇವೂ ಬೇಡ, ಕಾದರೆ ವಿಷದ ಹೊಗೆ ಬಿಡುತ್ತವೆ. ಮಣ್ಣಿನ ಮಡಕೆ ಕೆಂಡದ ಏಕಾಏಕಿ ಬಿಸಿಗೆ ಬಿರಿಯುವುದೇ ಜಾಸ್ತಿ.

ಬೋಗುಣಿಯ ತಳಕ್ಕೆ ಒಂದು ಬೆರಳು ದಪ್ಪ ಒಣ ಮರಳು ಅಥವಾ ಕಲ್ಲುಪ್ಪು ಹಾಕಿ. ಅದರ ಮೇಲೆ ಕುಕ್ಕರಿನ ಜಾಲರಿ ಅಥವಾ ಸ್ಟೀಲ್ ರಿಂಗ್ ಇಡಿ. ಸಿಹಿಯ ತಟ್ಟೆ, ಡಬ್ಬ ಅದರ ಮೇಲೆ ಕೂರಬೇಕು, ತಳಕ್ಕೆ ತಾಗಬಾರದು. ಮೇಲೆ ಮುಚ್ಚಳಕ್ಕೂ ಡಬ್ಬಕ್ಕೂ ನಡುವೆ ಮೂರು ಬೆರಳು ಜಾಗ ಇರಲಿ. ಬೋಗುಣಿಯನ್ನು ಮೂರು ಇಟ್ಟಿಗೆ ತುಂಡಿನ ಮೇಲೆ, ಕೆಂಡದಿಂದ ನಾಲ್ಕು ಬೆರಳು ಎತ್ತರದಲ್ಲಿ ಕೂರಿಸಿ.

ಬಿರ್ಯಾನಿಗೂ ಇದಕ್ಕೂ ಒಂದೇ ವ್ಯತ್ಯಾಸ. ದಮ್‌ಗೆ ಮುಚ್ಚಳದ ಸುತ್ತ ಕಣಕ ಮೆತ್ತಿ ಆವಿ ಹೋಗದಂತೆ ಮಾಡುತ್ತಾರೆ. ಬಿಸ್ಕತ್ತಿಗೆ ಆವಿ ಹೋಗಬೇಕು, ಇಲ್ಲದಿದ್ದರೆ ಗರಿಗರಿ ಆಗುವುದಿಲ್ಲ. ಆದ್ದರಿಂದ ಏನೂ ಮೆತ್ತಬೇಡಿ. ಚಾಚಾ ಕಣಕದ ಉಂಡೆ ಹಿಡಿದು ನಿಂತಿದ್ದರು, ಇದೊಂದನ್ನು ನಾನು ಅವರಿಗೆ ಹೇಳಿಕೊಟ್ಟೆ!

ಉದ್ದನೆಯ ಚಿಮಟ, ಎರಡು ದಪ್ಪ ಹತ್ತಿ ಅರಿವೆ, ಮುಚ್ಚಳ ಎತ್ತಲು ಇಕ್ಕಳ. ಸಿಂಥೆಟಿಕ್ ಸೀರೆಯ ಸೆರಗು, ದುಪ್ಪಟ್ಟಾ ಕೆಂಡದ ಕಡೆ ಜೋತುಬೀಳದಂತೆ ಬಿಗಿಯಾಗಿ ಸಿಕ್ಕಿಸಿಕೊಂಡು ಕೂರಿ.

ಕೆಂಡ ಮಾಡುವುದು, ಎಣಿಸುವುದು

ಹಳೆಯ 15 ಕೆಜಿ ಎಣ್ಣೆ ಡಬ್ಬದ ಮೇಲು, ತಳ ಎರಡೂ ತೆಗೆದು, ಕೆಳಗಿನ ಅಂಚಿನ ಸುತ್ತ ಮೊಳೆಯಿಂದ ಹತ್ತಿಪ್ಪತ್ತು ತೂತು ಮಾಡಿ. ತೂತಿಗಿಂತ ಸ್ವಲ್ಪ ಮೇಲೆ ಎರಡು ಕಬ್ಬಿಣದ ಸರಳು ತೂರಿಸಿ ಜಾಲರಿ ಇಟ್ಟರೆ ಇದ್ದಲಿ ಹೊತ್ತಿಸುವ ಚಿಮಣಿ ತಯಾರು. ಮೊದಲ ಸಲ ಖಾಲಿ ಡಬ್ಬದಲ್ಲೇ ಬೆಂಕಿ ಹಾಕಿ ಬಣ್ಣ ಸುಟ್ಟುಬಿಡಿ. ಆಮೇಲೆ ಜಾಲರಿಯ ಕೆಳಗೆ ತೊಗರಿ ಕಟ್ಟಿಗೆ, ಮೇಲೆ ನಿಂಬೆಹಣ್ಣಿನ ಗಾತ್ರಕ್ಕೆ ಒಡೆದ ಇದ್ದಲಿ. 20ರಿಂದ 25 ನಿಮಿಷದಲ್ಲಿ ತುಂಡುಗಳ ಅಂಚಿಗೆ ಬೂದಿ ಕಟ್ಟಿ, ಒಳಗೆ ನಿಗಿನಿಗಿ ಅನ್ನುತ್ತದೆ. ಆಗ ತೆಗೆಯಿರಿ. ಜ್ವಾಲೆ ಇರುವಾಗ ಅವಸರ ಬೇಡ. ನಮಗೆ ಬೇಕಾದ್ದು ಕೆಂಡ, ಉರಿಯಲ್ಲ.

ಈಗ ಎಣಿಕೆ. 30 ಸೆಂ.ಮೀ. ಬೋಗುಣಿಗೆ ಕೆಳಗೆ 8 ತುಂಡು, ಮೇಲೆ 16. ಇದು ಸುಮಾರು 175 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವು. ಕೆಳಗಿನ ಎಂಟನ್ನು ನಡುವೆ ಗುಂಪು ಹಾಕದೆ, ತಳದ ಅಂಚಿನ ಸುತ್ತ ಬಳೆಯಂತೆ ಇಡಿ. ಮೇಲೆ ಹನ್ನೆರಡು ಅಂಚಿನ ಸುತ್ತ, ನಾಲ್ಕು ನಡುವೆ. ಒತ್ತಿ ಮಾಡಿದ ಒಂದೇ ಅಳತೆಯ ಇದ್ದಲಿ ಬಿಲ್ಲೆ ಸಿಕ್ಕರೆ ಈ ಲೆಕ್ಕ ಇನ್ನೂ ಸರಿಯಾಗಿ ಕೂರುತ್ತದೆ. ಕಟ್ಟಿಗೆ ಇದ್ದಲಿಯಲ್ಲಿ ಒಂದು ತುಂಡು ದೊಡ್ಡದು, ಒಂದು ಚಿಕ್ಕದು. ಕಣ್ಣಳತೆ ಬೇಕೇ ಬೇಕು.

ಅದಕ್ಕೆ ಹಿಟ್ಟಿನ ಪರೀಕ್ಷೆ. ಖಾಲಿ ಬೋಗುಣಿಯನ್ನು ಮೇಲೆ ಕೆಳಗೆ ಕೆಂಡ ಹಾಕಿ 10 ನಿಮಿಷ ಕಾಯಿಸಿ. ಒಂದು ಸ್ಟೀಲ್ ತಟ್ಟೆಯಲ್ಲಿ ಚಿಟಿಕೆ ಗೋಧಿ ಹಿಟ್ಟು ತೆಳ್ಳಗೆ ಉದುರಿಸಿ, ಒಳಗಿಟ್ಟು ಮುಚ್ಚಿ. ನಾಲ್ಕೈದು ನಿಮಿಷಕ್ಕೆ ನೋಡಿ. ಹಿಟ್ಟು ಹುರಿದ ರವೆಯಂತೆ ತಿಳಿ ಕೆಂಪಾಗಿದ್ದರೆ ಸರಿ. ಬೆಳ್ಳಗೆ ಉಳಿದರೆ ಮೇಲೆ ನಾಲ್ಕು ಕೆಂಡ ಸೇರಿಸಿ. ಕಂದಾಗಿ ಸುಟ್ಟ ವಾಸನೆ ಬಂದರೆ ಮೊದಲು ಕೆಳಗಿನ ಎರಡು ತೆಗೆಯಿರಿ. ಯಾವಾಗಲೂ ಕೆಳಗಿನದು ಮೊದಲು.

ಬೀದರಿನ ಡಿಸೆಂಬರ್ ಚಳಿಯಲ್ಲಿ ಗಾಳಿ ಇದ್ದರೆ ಮುಚ್ಚಳ ಬೇಗ ತಣ್ಣಗಾಗುತ್ತದೆ, ಕೆಂಡವೂ ಬೇಗ ಉರಿದುಹೋಗುತ್ತದೆ. ಗಾಳಿ ಬರುವ ಕಡೆ ಇಟ್ಟಿಗೆಯಿಂದ ಮೊಣಕಾಲೆತ್ತರದ ಗೋಡೆ ಕಟ್ಟಿ. ಆದರೂ ಗಾಳಿಗೆ ಮುಖ ಮಾಡಿದ ಕಡೆಯ ಕೆಂಡ ಜಾಸ್ತಿ ಉರಿದು ಒಂದು ಬದಿ ಸೀಯುತ್ತದೆ. ಅದಕ್ಕೆ ಮದ್ದು ತಿರುಗಿಸುವುದು. 10 ನಿಮಿಷಕ್ಕೊಮ್ಮೆ ಬೋಗುಣಿಯನ್ನು ಬಲಕ್ಕೆ ಕಾಲು ಸುತ್ತು, ಮುಚ್ಚಳವನ್ನು ಎಡಕ್ಕೆ ಕಾಲು ಸುತ್ತು. ಮುಚ್ಚಳ ಎತ್ತದೆ, ಸುಮ್ನೆ ಜರುಗಿಸಿ.

ಮೊದಲು ನಾನ್‌ಖಟಾಯಿ

ಹೊಸಬರಿಗೆ ಇದೇ ಸುಲಭ. ಉಬ್ಬುತ್ತದೋ ಇಲ್ಲವೋ ಅನ್ನುವ ಚಿಂತೆ ಕಡಿಮೆ. ಜೋಳದ ಹಿಟ್ಟು ಸೇರಿಸಿದರೆ ನಮ್ಮೂರಿನದೇ ಆಗುತ್ತದೆ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ರೊಟ್ಟಿ ಬಡಿಯುವಾಗ ಅದು ತೊಂದರೆ ಕೊಡುತ್ತದೆ, ನಾನ್‌ಖಟಾಯಿಗೆ ಅದೇ ವರ. ಬಾಯಲ್ಲಿಟ್ಟರೆ ಪುಡಿಪುಡಿ ಆಗುತ್ತದೆ. ಹಿಟ್ಟು ಮಾತ್ರ ಹೊಸದಾಗಿ ಬೀಸಿದ್ದಿರಲಿ, ಹಳೆಯ ಜೋಳದ ಹಿಟ್ಟು ಕಹಿಯಾಗುತ್ತದೆ.

ಮೈದಾ 100 ಗ್ರಾಂ, ಜೋಳದ ಹಿಟ್ಟು 60 ಗ್ರಾಂ, ಕಡಲೆ ಹಿಟ್ಟು 40 ಗ್ರಾಂ, ಗಟ್ಟಿ ತುಪ್ಪ 110 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ತುಪ್ಪ ಮತ್ತು ಸಕ್ಕರೆಯನ್ನು ಅಂಗೈಯಿಂದ ಪರಾತದಲ್ಲಿ 8-10 ನಿಮಿಷ ಉಜ್ಜಿ. ಬಣ್ಣ ಬಿಳಿಯಾಗಿ, ಬೆಣ್ಣೆಯಂತೆ ಹಗುರಾಗಬೇಕು. ಇದರಲ್ಲಿ ಸೋಮಾರಿತನ ಮಾಡಬೇಡಿ, ನಾನ್‌ಖಟಾಯಿಯ ಬಿರುಕು ಇಲ್ಲಿಂದಲೇ ಬರುತ್ತದೆ. ಆಮೇಲೆ ಹಿಟ್ಟು ಜರಡಿ ಹಿಡಿದು ಸೇರಿಸಿ, ನಾದದೆ ಸುಮ್ನೆ ಕೂಡಿಸಿ. ಉದುರಿದರೆ ಒಂದು ಚಮಚ ತುಪ್ಪ ಹಾಕಿ, ನೀರು ಬೇಡ.

20 ಉಂಡೆ ಮಾಡಿ, ಸ್ವಲ್ಪ ಒತ್ತಿ, ನಡುವೆ ಒಂದು ಪಿಸ್ತಾ ಅಥವಾ ಶೇಂಗಾ ಕಾಳು ಚುಚ್ಚಿ. ತಟ್ಟೆಯಲ್ಲಿ ಒಂದು ಸಲಕ್ಕೆ 8-10 ಹಿಡಿಯುತ್ತವೆ. ನಡುವೆ ಎರಡು ಬೆರಳು ಜಾಗ ಬಿಡಿ. ಇದಕ್ಕೆ ಕಾವು ಸ್ವಲ್ಪ ಕಡಿಮೆ ಇರಲಿ, ಕೆಳಗೆ 6, ಮೇಲೆ 14. ಮುಚ್ಚಳದ ಒಂದು ಬದಿಗೆ ಕಡ್ಡಿಯಷ್ಟು ಸಂದು ಬಿಡಿ. 18ರಿಂದ 20 ನಿಮಿಷ. ಮೇಲೆ ಬಿರುಕು ಬಿಟ್ಟು, ಅಂಚು ತಿಳಿ ಕೆಂಪಾದರೆ ಮುಗಿಯಿತು. ಆಗ ಮುಟ್ಟಿದರೆ ಮೆತ್ತಗೇ ಇರುತ್ತದೆ. ಇನ್ನೂ ಬೆಂದಿಲ್ಲ ಅಂತ ಮತ್ತೆ ಇಟ್ಟವರೆಲ್ಲ ಕೆಟ್ಟರು. ಆರಿದ ಮೇಲೆ ಗಟ್ಟಿಯಾಗುತ್ತದೆ. ಎರಡನೇ ತಟ್ಟೆಗೆ ಹೊಸ ಕೆಂಡ ಬೇಕು, ಮೊದಲನೆಯದು ಒಳಗಿರುವಾಗಲೇ ಚಿಮಣಿಗೆ ಇದ್ದಲಿ ಹಾಕಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತುಪ್ಪ ನೀರಾಗಿರುತ್ತದೆ, ಉಂಡೆ ತಟ್ಟೆಯಲ್ಲೇ ಹರಡಿ ಹಪ್ಪಳವಾಗುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಇದರ ಸುಗ್ಗಿ ಅಂತ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೆಂಡದ ಮುಂದೆ ಕೂರುವವರು ಯಾರು, ಅಲ್ವಾ?

ಬೆಲ್ಲದ ರವಾ ಕೇಕ್

ಸಣ್ಣ ರವಾ 200 ಗ್ರಾಂ, ಪುಡಿ ಬೆಲ್ಲ 150 ಗ್ರಾಂ, ಮೊಸರು 200 ಗ್ರಾಂ, ತುಪ್ಪ 80 ಗ್ರಾಂ, ಬಿಸಿ ನೀರು 100 ಮಿ.ಲೀ., ಅರ್ಧ ಚಮಚ ಅಡುಗೆ ಸೋಡಾ, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲವನ್ನು ಬಿಸಿ ನೀರಿನಲ್ಲಿ ಕರಗಿಸಿ ಅರಿವೆಯಲ್ಲಿ ಸೋಸಿ. ಸೋಸದಿದ್ದರೆ ಹಲ್ಲಿಗೆ ಕಲ್ಲು ಸಿಗುತ್ತದೆ. ಹಾಲಿನಲ್ಲಿ ಕರಗಿಸಬೇಡಿ, ಒಡೆಯಬಹುದು. ಆರಿದ ಮೇಲೆ ಮೊಸರು, ತುಪ್ಪ, ರವಾ ಸೇರಿಸಿ ಅರ್ಧ ತಾಸು ಬಿಡಿ. ರವಾ ನೀರು ಕುಡಿದು ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ತೀರ ಗಟ್ಟಿ ಅನಿಸಿದರೆ ಎರಡು ಚಮಚ ನೀರು.

ಸೋಡಾ ಕೊನೆಗೆ. ಮೊಸರಿನ ಹುಳಿ ತಾಗಿದ ಕೂಡಲೇ ಗುಳ್ಳೆ ಏಳಲು ಶುರುವಾಗುತ್ತದೆ, ಆ ಗುಳ್ಳೆಗಳೇ ಕೇಕನ್ನು ಎತ್ತುವುದು. ಸೋಡಾ ಹಾಕಿ ಮಾತಾಡುತ್ತಾ ಕೂತರೆ ಎಲ್ಲ ಹೊರಗೆ ಹೋಗಿರುತ್ತದೆ. ಆದ್ದರಿಂದ ಕೆಂಡ ತಯಾರಾಗಿ, ಬೋಗುಣಿ ಕಾದು, ಹಿಟ್ಟಿನ ಪರೀಕ್ಷೆ ಮುಗಿದ ಮೇಲೆಯೇ ಸೋಡಾ ಹಾಕಿ. ಹತ್ತು ಸುತ್ತು ಕದಡಿ, ತುಪ್ಪ ಸವರಿದ 18 ಸೆಂ.ಮೀ. ಡಬ್ಬಕ್ಕೆ ಸುರಿದು, ಒಳಗೆ ಇಡಿ.

ಕೆಳಗೆ 8, ಮೇಲೆ 16. ಆದರೆ ಮೊದಲ 10 ನಿಮಿಷ ಮೇಲೆ 10 ಮಾತ್ರ ಇರಲಿ. ಮೊದಲಿಗೇ ಮೇಲೆ ಜೋರು ಕಾವು ಬಿದ್ದರೆ ಹೊರಪದರ ಗಟ್ಟಿಯಾಗುತ್ತದೆ, ಆಮೇಲೆ ಒಳಗಿನ ಹಿಟ್ಟು ಅದನ್ನು ಒಡೆದುಕೊಂಡು ಹುತ್ತದಂತೆ ಮೇಲೇಳುತ್ತದೆ. ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ ಅನ್ನುವುದೂ ನೆನಪಿರಲಿ. 25 ನಿಮಿಷಕ್ಕೆ ಕೆಂಡ ಅರ್ಧ ಬೂದಿಯಾಗಿರುತ್ತದೆ. ಮೇಲೆ ಆರೇಳು, ಕೆಳಗೆ ಎರಡು ಹೊಸ ಕೆಂಡ ಹಾಕಿ. 30 ನಿಮಿಷದವರೆಗೆ ಮುಚ್ಚಳ ತೆಗೆಯಬೇಡಿ. ಮಕ್ಕಳು ಕೇಳುತ್ತಾರೆ, ದೊಡ್ಡವರು ಇನ್ನೂ ಜಾಸ್ತಿ ಕೇಳುತ್ತಾರೆ. ಬೇಡ ಅಂದರೆ ಬೇಡ. 35ರಿಂದ 45 ನಿಮಿಷದೊಳಗೆ ಕಡ್ಡಿ ಚುಚ್ಚಿ ನೋಡಿ, ಒಣಗಿ ಬಂದರೆ ಆಯಿತು.

ಮುಚ್ಚಳ ಎತ್ತುವಾಗ ಓರೆ ಮಾಡಬೇಡಿ. ಮೊದಲು ಅಂಚಿನ ಬೂದಿ ಒರೆಸಿ, ನೇರವಾಗಿ ಮೇಲೆತ್ತಿ, ಪಕ್ಕಕ್ಕೆ ಒಯ್ದು ಇಟ್ಟಿಗೆಯ ಮೇಲಿಡಿ. ನಾನು ಒಮ್ಮೆ ಓರೆ ಮಾಡಿ ಒಂದು ಹಿಡಿ ಬೂದಿ ಕೇಕ್ ಮೇಲೆ ಸುರಿದೆ. ನಮ್ಮ ಅತ್ತೆ ಏನೂ ಅನ್ನಲಿಲ್ಲ. ಬೂದಿಯ ಪದರ ಚಾಕುವಿನಿಂದ ಹೆರೆದು, "ವಿಭೂತಿ ಹಚ್ಚೀದಿ, ಒಳ್ಳೇದೇ ಆಯ್ತು ಬಿಡು" ಅಂತ ಎಲ್ಲರಿಗೂ ಹಂಚಿದರು.

ತಳ ಕಪ್ಪಾಗಿ ನಡು ಹಸಿ ಇದ್ದರೆ ಕೆಳಗಿನ ಕೆಂಡ ಜಾಸ್ತಿ ಆಗಿದೆ. ಆ ಹೊತ್ತಿಗೇ ಕಂಡರೆ ಕೆಳಗಿನದೆಲ್ಲ ತೆಗೆದು, ಮೇಲಿನದರಲ್ಲೇ 10 ನಿಮಿಷ ಬಿಡಿ. ಬೋಗುಣಿ ಮತ್ತು ಮರಳಿನಲ್ಲಿರುವ ಬಿಸಿಯೇ ತಳಕ್ಕೆ ಸಾಕು. ಬೆಂದರೂ ಮೇಲೆ ಬೆಳ್ಳಗಿದ್ದರೆ ಕೊನೆಯ 5 ನಿಮಿಷ ಮುಚ್ಚಳದ ನಡುವೆ ನಾಲ್ಕು ಹೊಸ ಕೆಂಡ ಇಡಿ.

ಉಳಿದ ಕೆಂಡಕ್ಕೆ

ಬಾಳೆಹಣ್ಣನ್ನು ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ, ಶೇಂಗಾ ಪುಡಿ, ಬೆಲ್ಲ ತುಂಬಿ, ಮಂದ ಕೆಂಡದ ಪಕ್ಕ 10 ನಿಮಿಷ ಇಡಿ. ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಪಾಕ. ಚಮಚದಲ್ಲಿ ಕೆರೆದು ತಿನ್ನುವುದು. ಮಕ್ಕಳಿಗೆ ಇದೇ ಇಷ್ಟ. ನನ್ನ ಕೇಕ್‌ಗಿಂತ ಇಷ್ಟ, ಏನು ಮಾಡುವುದು.

ಕೇಕ್ ಕೊಯ್ಯುವ ಮೊದಲು ನಾಲ್ಕು ಗೆಣಸನ್ನು ಸಿಪ್ಪೆ ಸಮೇತ ಬಿಸಿ ಬೂದಿಯಲ್ಲಿ ಹೂತು, ಮೇಲೆ ಸ್ವಲ್ಪ ಕೆಂಡ ಎಳೆಯಿರಿ. ಕೇಕ್ ತಿಂದು, ಚಹಾ ಕುಡಿದು, ಪಾತ್ರೆ ಕಟ್ಟುವಷ್ಟರಲ್ಲಿ, ಅಂದರೆ ಮುಕ್ಕಾಲು ತಾಸಿಗೆ, ಅವು ಬೆಂದಿರುತ್ತವೆ. ಗೆಣಸು ತೆಗೆದ ಮೇಲೆ ಕೆಂಡವನ್ನು ಹರಡಿ ನೀರು ಸುರಿಯಿರಿ, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಬರೀ ಮಣ್ಣು ಮುಚ್ಚಿದರೆ ಒಳಗೆ ಮರುದಿನದವರೆಗೂ ಜೀವ ಹಿಡಿದಿರುತ್ತದೆ, ಬರಿಗಾಲಲ್ಲಿ ಬಂದವರು ತುಳಿಯುತ್ತಾರೆ. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದಾಗ ತಣ್ಣಗೆ ಅನಿಸಿದ ಮೇಲೆಯೇ ಗಾಡಿ ಹತ್ತಿ. ಸುಡದೆ ಉಳಿದ ಕರಿ ತುಂಡುಗಳನ್ನು ಆರಿಸಿ ಒಣಗಿಸಿಟ್ಟುಕೊಳ್ಳಿ, ಮುಂದಿನ ಸಲ ಅವೇ ಮೊದಲು ಹೊತ್ತುತ್ತವೆ.